ಬರಕ್ಕೂ ಬಂದೂಕಿಗೂ ನಡುವೆ

2021ರ ಡಿಸೆಂಬರ್ 13ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಒಂದು ಕರಡು ನಿರ್ಣಯ ಮತಕ್ಕೆ ಬಂತು. ಅದನ್ನು ಸಿದ್ಧಪಡಿಸಿದ್ದು ಎರಡು ದೇಶಗಳು: ಸಹಾರಾ ಮರುಭೂಮಿಯ ಅಂಚಿನ ನೈಜರ್ ಮತ್ತು ಯುರೋಪಿನ ಪಶ್ಚಿಮ ತುದಿಯ ಐರ್ಲೆಂಡ್. ಬೆಂಬಲಕ್ಕೆ ಸಹಿ ಹಾಕಿದ್ದು 113 ದೇಶಗಳು. ಹವಾಮಾನ ಬದಲಾವಣೆ ಎಲ್ಲೆಲ್ಲಿ ದಂಗೆ, ಯುದ್ಧಗಳಿಗೆ ಇಂಬು ಕೊಡುತ್ತಿದೆ ಎಂಬುದನ್ನು ಸಂಘರ್ಷ ತಡೆಯುವ ಕೆಲಸದ ಮುಖ್ಯ ಭಾಗವಾಗಿಯೇ ಮಂಡಳಿ ನೋಡಬೇಕು, ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಆ ಬಗ್ಗೆ ವರದಿ ಕೊಡಬೇಕು ಎಂಬುದು ಕರಡಿನ ಸಾರ. ಹದಿನೈದು ಸದಸ್ಯರಲ್ಲಿ 12 ಮಂದಿ ಪರವಾಗಿ ಕೈಯೆತ್ತಿದರು. ಚೀನಾ ತಟಸ್ಥವಾಗಿ ಉಳಿಯಿತು. ರಷ್ಯ ವಿರುದ್ಧ ಮತ ಹಾಕಿತು. ಅದು ವಿಟೊ ಇರುವ ದೇಶವಾದ್ದರಿಂದ ನಿರ್ಣಯ ಅಲ್ಲಿಗೇ ಬಿದ್ದುಹೋಯಿತು. ರಷ್ಯದ ಜೊತೆ ಬೇಡ ಎಂದ ಇನ್ನೊಂದೇ ಒಂದು ದೇಶ ಭಾರತ. ಭಾರತದ ಮತ ಬೀಳದಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಹಾಗಿದ್ದೂ ಚೀನಾದಂತೆ ಸುಮ್ಮನಿರದೆ ವಿರುದ್ಧ ಮತ ಹಾಕಿದ್ದು ಬೇಕೆಂದೇ. ಹವಾಮಾನದ ಮಾತುಕತೆಗೆ ಎಲ್ಲ ದೇಶಗಳೂ ಕೂತು ಒಮ್ಮತದಿಂದ ನಿರ್ಧರಿಸುವ ಬೇರೆ ವೇದಿಕೆ ವಿಶ್ವಸಂಸ್ಥೆಯಲ್ಲೇ ಇದೆ, ಅದನ್ನು ಬದಿಗೆ ಸರಿಸಿ ವಿಷಯವನ್ನು ಭದ್ರತೆಯ ಪ್ರಶ್ನೆಯಾಗಿ ತಿರುಗಿಸುವುದು ಸರಿಯಲ್ಲ, ಶ್ರೀಮಂತ ದೇಶಗಳು ಮೊದಲು ತಾವು ಮಾತು ಕೊಟ್ಟ ಹಣ ಕೊಡಲಿ ಎಂದು ಅಂದಿನ ಖಾಯಂ ಪ್ರತಿನಿಧಿ ಟಿ.ಎಸ್. ತಿರುಮೂರ್ತಿ ಕಾರಣ ಕೊಟ್ಟರು.

ಈ ಮತದ ಬಗ್ಗೆ ಆಗ ಎರಡು ಅಭಿಪ್ರಾಯ ಕೇಳಿಬಂದವು. ಬರ, ನೆರೆಗಳಿಂದ ಯುದ್ಧಗಳೇ ಹುಟ್ಟುತ್ತಿರುವಾಗ ಭಾರತ ಕಣ್ಣುಮುಚ್ಚಿ ಕೂತಿದೆ ಎಂದು ಒಂದು ಪಾಳಯ ದೂರಿತು. ಹವಾಮಾನದ ಹೆಸರಿನಲ್ಲಿ ದೊಡ್ಡ ರಾಷ್ಟ್ರಗಳು ಬಡ ದೇಶಗಳೊಳಗೆ ಕೈಹಾಕುವ ಹುನ್ನಾರ ಇದು, ತಡೆದದ್ದೇ ಸರಿ ಎಂದಿತು ಇನ್ನೊಂದು. ಕಳೆದ ಎರಡು ದಶಕಗಳಲ್ಲಿ ಈ ವಿಷಯದ ಮೇಲೆ ನಡೆದ ಸಂಶೋಧನೆಯನ್ನು ನೋಡಿದರೆ ಎರಡೂ ವಾದಗಳು ಅರ್ಧ ದಾರಿಗೇ ನಿಂತುಬಿಟ್ಟಿವೆ ಅನಿಸುತ್ತದೆ. ಮಳೆ ಕೈಕೊಟ್ಟ ಕಾರಣಕ್ಕೆ ಜನ ಬಂದೂಕು ಹಿಡಿಯುವುದು ತೀರಾ ಅಪರೂಪ. ಬರಕ್ಕೂ ಬಂದೂಕಿಗೂ ನಡುವೆ ಯಾವಾಗಲೂ ಒಂದು ಸರ್ಕಾರ ಇರುತ್ತದೆ. ಅದು ಎಚ್ಚರಿಕೆ ಕೊಟ್ಟಿತೇ, ಧಾನ್ಯ ಹಂಚಿತೇ, ಇರುವಷ್ಟು ನೀರನ್ನು ಎಲ್ಲರೂ ಒಪ್ಪುವ ಲೆಕ್ಕದಲ್ಲಿ ಬಿಟ್ಟಿತೇ, ಪಕ್ಕದ ದೇಶಕ್ಕೆ ಸುದ್ದಿ ಮುಟ್ಟಿಸಿತೇ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಆದ್ದರಿಂದ ದೇಶದೇಶಗಳ ನಡುವಿನ ಸಹಕಾರ ಬೇಕಾಗಿರುವುದು ಇಲ್ಲೇ. ಹೊಳೆಯ ಮಟ್ಟ ಅಳೆಯುವ, ಮುನ್ಸೂಚನೆ ಹಂಚುವ, ಕೊರತೆಯನ್ನು ಭಾಗಮಾಡುವ ಸಪ್ಪೆ ಸಮಿತಿಗಳಲ್ಲಿ. ಅಲ್ಲಿ ಕ್ಯಾಮೆರಾ ಇರುವುದಿಲ್ಲ, ಭಾಷಣ ಇರುವುದಿಲ್ಲ, ಸಭೆಯ ನಡಾವಳಿ ಓದುವವರೂ ಇರುವುದಿಲ್ಲ.

ಮೊದಲು ಸಂಶೋಧನೆಯನ್ನೇ ನೋಡೋಣ. 2007ರ ಜೂನ್‌ನಲ್ಲಿ ಅಂದಿನ ಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗೆ ಒಂದು ಲೇಖನ ಬರೆದರು. ಸುಡಾನಿನ ದಾರ್ಫುರ್ ಪ್ರಾಂತದಲ್ಲಿ 2003ರಿಂದ ನಡೆಯುತ್ತಿದ್ದ ಹತ್ಯಾಕಾಂಡದ ಬೇರು ಹವಾಮಾನ ಬದಲಾವಣೆಯಲ್ಲೂ ಇದೆ, ಮಳೆ ಕಡಿಮೆಯಾದಂತೆ ದನ ಮೇಯಿಸುವವರಿಗೂ ಹೊಲ ಉಳುವವರಿಗೂ ಜಗಳ ಹತ್ತಿತು ಎಂಬುದು ಅವರ ವಿವರಣೆ. ಕೇಳಲು ಸರಿಯೆನಿಸುತ್ತದೆ. ಆದರೆ ಮರುವರ್ಷವೇ ಮೈಕೆಲ್ ಕೆವೇನ್ ಮತ್ತು ಲೆಸ್ಲಿ ಗ್ರೇ ಎಂಬ ಸಂಶೋಧಕರು ಅಲ್ಲಿನ ಮಳೆ ದಾಖಲೆ ತೆರೆದು ನೋಡಿದಾಗ ಲೆಕ್ಕ ಕೂಡಲಿಲ್ಲ. ದಾರ್ಫುರಿನ ಮಳೆ ದೊಡ್ಡ ಪ್ರಮಾಣದಲ್ಲಿ ಕುಸಿದಿದ್ದು 1970ರ ದಶಕದ ಆರಂಭದಲ್ಲಿ; ಅಲ್ಲಿಂದ ಯುದ್ಧ ಶುರುವಾಗುವವರೆಗಿನ ಮೂವತ್ತು ವರ್ಷ ಅಂಥ ಹೊಸ ಕುಸಿತವೇನೂ ಇರಲಿಲ್ಲ. ಹಾಗಾದರೆ 2003ರಲ್ಲೇ ಏಕೆ? ಬಂಡಾಯ ಅಡಗಿಸಲು ಖಾರ್ಟೂಮಿನ ಸರ್ಕಾರ ಜಂಜಾವೀದ್ ಎಂಬ ಕುದುರೆ ಸವಾರರ ಪಡೆಗಳಿಗೆ ಆಯುಧ ಕೊಟ್ಟಿತ್ತು. ಹವಾಮಾನವನ್ನು ಮುಖ್ಯ ಆರೋಪಿ ಮಾಡಿದರೆ ಆಯುಧ ಕೊಟ್ಟವರು ಸುಲಭವಾಗಿ ನುಣುಚಿಕೊಳ್ಳುತ್ತಾರೆ. ಆಕಾಶದ ಮೇಲೆ ಗೂಬೆ ಕೂರಿಸುವುದು ಆಳುವವರಿಗೆಲ್ಲ ಬಹಳ ಅನುಕೂಲ.

ಸಿರಿಯಾದ ಕಥೆ ಇದಕ್ಕಿಂತ ಸಂಕೀರ್ಣ. 2006ರ ಚಳಿಗಾಲದಿಂದ ಸತತ ಮೂರು ವರ್ಷ ಅಲ್ಲಿ ಭಾರಿ ಬರ ಬಿತ್ತು. ಮನುಷ್ಯರಿಂದಾದ ಹವಾಮಾನ ಬದಲಾವಣೆ ಅಂಥ ಬರದ ಸಂಭವವನ್ನು ಎರಡು ಮೂರು ಪಟ್ಟು ಹೆಚ್ಚಿಸಿತ್ತು, ಹಳ್ಳಿ ಬಿಟ್ಟು ನಗರದ ಅಂಚು ಸೇರಿದ ಲಕ್ಷಾಂತರ ಜನರ ಸಂಕಟ 2011ರ ಬಂಡಾಯಕ್ಕೆ ಒಂದು ಕಾರಣವಾಯಿತು ಎಂದು 2015ರಲ್ಲಿ ಕಾಲಿನ್ ಕೆಲ್ಲಿ ಮತ್ತು ಸಂಗಡಿಗರು ಬರೆದ ಪ್ರಬಂಧ ಜಗತ್ತಿನಾದ್ಯಂತ ಸುದ್ದಿಯಾಯಿತು. ಎರಡು ವರ್ಷದ ನಂತರ ಜಾನ್ ಸೆಲ್ಬಿ ಮತ್ತಿತರರು ಆ ವಾದದ ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ವಲಸೆಯ ಅಂಕಿಗಳೂ ವಲಸೆಗೂ ಬಂಡಾಯಕ್ಕೂ ಹೇಳಲಾದ ನಂಟೂ ದುರ್ಬಲ ಎಂದು ತೋರಿಸಿದರು. ಇಲ್ಲಿ ಒಂದು ವಿವರ ಮುಖ್ಯ. ಬರ ನೆತ್ತಿಯ ಮೇಲಿದ್ದಾಗಲೇ, 2008ರ ಮೇ ತಿಂಗಳಲ್ಲಿ, ಅಸಾದ್ ಸರ್ಕಾರ ಡೀಸೆಲ್ ಸಬ್ಸಿಡಿ ಕಿತ್ತುಹಾಕಿತು. ಲೀಟರಿಗೆ 7 ಪೌಂಡ್ ಇದ್ದ ದರ ಒಂದೇ ಏಟಿಗೆ 25 ಪೌಂಡ್ ಆಯಿತು. ಗೋಧಿ, ಹತ್ತಿ ಹೆಚ್ಚು ಬೆಳೆಯಿರಿ ಎಂದು ವರ್ಷಗಟ್ಟಲೆ ಹುರಿದುಂಬಿಸಿದ್ದರಿಂದ ಈಶಾನ್ಯದ ಬಯಲಲ್ಲಿ ಅಂತರ್ಜಲ ಪಾತಾಳಕ್ಕಿಳಿದಿತ್ತು. ಅಷ್ಟು ಆಳದಿಂದ ನೀರೆತ್ತಲು ಪಂಪಿಗೆ ಡೀಸೆಲ್ ಬೇಕು. ಆ ಡೀಸೆಲ್ ರೈತನ ಕೈಗೆ ಸಿಗದಂತಾಯಿತು. ಅದೇ ಬರ ಪಕ್ಕದ ಟರ್ಕಿಯ ಆಗ್ನೇಯ ಭಾಗವನ್ನೂ ಕಾಡಿತ್ತು, ಅಲ್ಲಿ ಸರ್ಕಾರ ಬೀಳಿಸುವ ದಂಗೆ ಏಳಲಿಲ್ಲ. ಬರ ಸುಳ್ಳು ಎಂದೇನೂ ಅಲ್ಲ. ಆದರೆ ಅದರ ಭಾರ ಯಾರ ತಲೆ ಮೇಲೆ ಬೀಳಬೇಕೆಂದು ಗೊತ್ತುಮಾಡಿದ್ದು ಡಮಾಸ್ಕಸ್.

ಹಾಗೆಂದು ಹವಾಮಾನಕ್ಕೂ ಸಂಘರ್ಷಕ್ಕೂ ಸಂಬಂಧವೇ ಇಲ್ಲ ಎಂದರೂ ತಪ್ಪು. ವರ್ಷಾನುಗಟ್ಟಲೆ ಒಬ್ಬರನ್ನೊಬ್ಬರು ಖಂಡಿಸಿಕೊಂಡು ಬರೆಯುತ್ತಿದ್ದ 11 ಪರಿಣತರನ್ನು ಸೇರಿಸಿ ನಡೆಸಿದ ಅಧ್ಯಯನವೊಂದು 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಕ್ಯಾಥರೀನ್ ಮ್ಯಾಕ್ ಅದರ ಮುಖ್ಯ ಲೇಖಕಿ. ಕಳೆದ ನೂರು ವರ್ಷದ ಆಂತರಿಕ ಸಶಸ್ತ್ರ ಸಂಘರ್ಷಗಳಲ್ಲಿ ಶೇ 3ರಿಂದ 20ರಷ್ಟರ ಮೇಲೆ ಹವಾಮಾನದ ಪ್ರಭಾವ ಇದ್ದಿರಬಹುದು ಎಂಬುದು ಅವರ ಅಂದಾಜು. ಬಡತನ, ಕೈಲಾಗದ ಆಡಳಿತ, ಸಮುದಾಯಗಳ ನಡುವಿನ ಅಸಮಾನತೆ, ಇತ್ತೀಚೆಗಷ್ಟೇ ನಡೆದ ಹಿಂದಿನ ಜಗಳ ಇವೆಲ್ಲ ಅದಕ್ಕಿಂತ ಬಲವಾದ ಕಾರಣಗಳು ಎಂದು ಎಲ್ಲರೂ ಒಪ್ಪಿದರು. ಮುಂದಿನ ದಿನಗಳ ಲೆಕ್ಕ ಬೇರೆ: ಭೂಮಿಯ ಉಷ್ಣತೆ 4 ಡಿಗ್ರಿ ಏರಿದರೆ ಸಂಘರ್ಷದ ಅಪಾಯ ಗಣನೀಯವಾಗಿ ಹೆಚ್ಚುವ ಸಂಭವ ಶೇ 26ಕ್ಕೆ ಹೋಗುತ್ತದೆ. ನದಿಗಳ ವಿಷಯದಲ್ಲಿ ಇನ್ನೂ ಹಳೆಯದೊಂದು ಎಣಿಕೆ ಇದೆ. ಅಮೆರಿಕದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಏರನ್ ವುಲ್ಫ್ ತಂಡ 1948ರಿಂದ 1999ರವರೆಗೆ ಗಡಿ ದಾಟುವ ನದಿಗಳ ಬಗ್ಗೆ ದೇಶಗಳ ನಡುವೆ ನಡೆದ 1,831 ವ್ಯವಹಾರಗಳನ್ನು ಪಟ್ಟಿಮಾಡಿತು. ಅದರಲ್ಲಿ 1,228 ಸಹಕಾರದವು. ನಿಜವಾದ ಹಿಂಸೆಗೆ ಇಳಿದವು 37, ಅದರಲ್ಲೂ 30 ಇಸ್ರೇಲ್ ಮತ್ತು ಅದರ ನೆರೆಯವರ ನಡುವಿನವು. ನೀರಿಗಾಗಿ ಮೂರನೇ ಮಹಾಯುದ್ಧ ಎಂದು ಆಗಾಗ ಕೇಳುವ ಮಾತಿಗೆ ಈ ಪಟ್ಟಿಯಲ್ಲಿ ಆಧಾರ ಸಿಗುವುದಿಲ್ಲ.

ಪ್ರಕೃತಿ ವಿಕೋಪ ಒಂದು ದೇಶವನ್ನೇ ಒಡೆದ ಉದಾಹರಣೆ ಬೇಕಿದ್ದರೆ ಆಫ್ರಿಕಕ್ಕೆ ಹೋಗಬೇಕಿಲ್ಲ. 1970ರ ನವೆಂಬರ್ 12ರ ರಾತ್ರಿ ಬಂಗಾಳ ಕೊಲ್ಲಿಯಿಂದೆದ್ದ ಚಂಡಮಾರುತ ಅಂದಿನ ಪೂರ್ವ ಪಾಕಿಸ್ತಾನದ ಭೋಲಾ ದ್ವೀಪ ಮತ್ತು ಸುತ್ತಲಿನ ಮುಖಜ ಭೂಮಿಗೆ ಅಪ್ಪಳಿಸಿತು. ಉಬ್ಬರದ ಹೊತ್ತಿನಲ್ಲೇ ಸಮುದ್ರ ಉಕ್ಕಿ ಒಳನುಗ್ಗಿದ್ದರಿಂದ ಸತ್ತವರು 3 ಲಕ್ಷದಿಂದ 5 ಲಕ್ಷ. ಸರಿಯಾದ ಲೆಕ್ಕ ಎಂದೂ ಸಿಗಲಿಲ್ಲ. ತಜುಮುದ್ದೀನ್ ಎಂಬ ಒಂದೇ ಠಾಣಾ ವ್ಯಾಪ್ತಿಯಲ್ಲಿ 1,67,000 ಜನರಲ್ಲಿ ಶೇ 45ರಷ್ಟು ಮಂದಿ ಹೋದರು. ಗಾಳಿ ಬರುತ್ತಿದೆ ಎಂಬ ಸುದ್ದಿ ರೇಡಿಯೊದಲ್ಲಿ ಬಂದಿತ್ತು. ಆದರೆ ಓಡಿಹೋಗಿ ನಿಲ್ಲಲು ಗಟ್ಟಿ ಕಟ್ಟಡವೇ ಇಲ್ಲದ ಊರುಗಳವು. ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಚೀನಾ ಪ್ರವಾಸ ಮುಗಿಸಿ ಬರುತ್ತಿದ್ದ ಅಧ್ಯಕ್ಷ ಯಾಹ್ಯಾ ಖಾನ್ ವಿಮಾನದಿಂದ ಒಮ್ಮೆ ಕಣ್ಣು ಹಾಯಿಸಿ ಹೊರಟುಹೋದರು. ಪರಿಹಾರ ತೆವಳುತ್ತಾ ಬಂತು. ತಿಂಗಳೊಳಗೆ, ಡಿಸೆಂಬರ್ 7ರಂದು, ದೇಶದ ಮೊದಲ ಸಾರ್ವತ್ರಿಕ ಚುನಾವಣೆ. ಶೇಖ್ ಮುಜೀಬುರ್ ರೆಹಮಾನರ ಅವಾಮಿ ಲೀಗ್ ಪೂರ್ವ ಭಾಗದ 162 ಸಾಮಾನ್ಯ ಸ್ಥಾನಗಳಲ್ಲಿ 160 ಗೆದ್ದಿತು. ಇಸ್ಲಾಮಾಬಾದ್ ಅಧಿಕಾರ ಬಿಟ್ಟುಕೊಡಲಿಲ್ಲ, 1971ರ ಮಾರ್ಚ್ 25ರಂದು ಸೈನ್ಯ ಢಾಕಾದ ಮೇಲೆ ಬಿತ್ತು, ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು, ಡಿಸೆಂಬರಿನಲ್ಲಿ ಯುದ್ಧವೇ ನಡೆಯಿತು. ಭಾಷೆ, ಬಡತನ, ಪಶ್ಚಿಮದವರ ದರ್ಪ ಇದ್ದೇ ಇದ್ದವು. ಚಂಡಮಾರುತ ಇಲ್ಲದಿದ್ದರೂ ಅವಾಮಿ ಲೀಗ್ ಗೆಲ್ಲುತ್ತಿತ್ತೇನೋ. ಆದರೆ ಈ ಸರ್ಕಾರ ನಮ್ಮದಲ್ಲ ಎಂಬುದಕ್ಕೆ ಲಕ್ಷಾಂತರ ಮತದಾರರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಕುತೂಹಲದ ಸಂಗತಿ ಇರುವುದು ಇದರ ನಂತರ. ಯುದ್ಧ ಮುಗಿದ ಮರುವರ್ಷ, 1972ರಲ್ಲಿ, ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಏಷ್ಯಾ ಪ್ರಾದೇಶಿಕ ಆಯೋಗ ಸೇರಿ ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದ ದೇಶಗಳಿಗಾಗಿ ಒಂದು ಚಂಡಮಾರುತ ಸಮಿತಿ ರಚಿಸಿದವು. ಆಗಷ್ಟೇ ಗುಂಡು ಹಾರಿಸಿಕೊಂಡಿದ್ದ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂರೂ ಅದರೊಳಗೆ ಬಂದವು. ಈಗ ಅದರಲ್ಲಿ ಇರಾನ್, ಸೌದಿ, ಯೆಮೆನ್ ಕೂಡ ಸೇರಿ 13 ದೇಶಗಳಿವೆ. ದೆಹಲಿಯ ಹವಾಮಾನ ಇಲಾಖೆ ಈ ಇಡೀ ಪ್ರದೇಶದ ಮುನ್ಸೂಚನಾ ಕೇಂದ್ರ. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದರೆ ಅದರ ಬುಲೆಟಿನ್ ಕರಾಚಿಗೂ ಹೋಗುತ್ತದೆ, ಮಸ್ಕತ್‌ಗೂ ಹೋಗುತ್ತದೆ. 2004ರಿಂದ ಚಂಡಮಾರುತಗಳಿಗೆ ಇಡುವ ಹೆಸರುಗಳೂ ಈ ದೇಶಗಳು ಕೊಟ್ಟವೇ. 2021ರಲ್ಲಿ ಉಡುಪಿ, ಕಾರವಾರದ ದಂಡೆಗಳನ್ನು ಕೊಚ್ಚಿದ ತೌಕ್ತೆ ಮ್ಯಾನ್ಮಾರ್ ಕೊಟ್ಟ ಹೆಸರು; ಅದೇ ವರ್ಷ ಆಂಧ್ರಕ್ಕೆ ಅಪ್ಪಳಿಸಿದ ಗುಲಾಬ್ ಪಾಕಿಸ್ತಾನದ್ದು. ಬಾಂಗ್ಲಾದೇಶದ ಒಳಗೆ ಅದೇ 1972ರಲ್ಲಿ ಶುರುವಾದ ಸ್ವಯಂಸೇವಕರ ಪಡೆಯಲ್ಲಿ ಇಂದು ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಅಪಾಯ ಹತ್ತಿರವಾದಂತೆ ಅವರು ಕಂಬಕ್ಕೆ ಒಂದು, ಎರಡು, ಮೂರು ಬಾವುಟ ಏರಿಸುತ್ತಾರೆ, ಮೆಗಾಫೋನ್ ಹಿಡಿದು ಮನೆಮನೆ ತಿರುಗುತ್ತಾರೆ, ಮುದುಕರನ್ನು ಎತ್ತಿಕೊಂಡು ಆಶ್ರಯ ಕಟ್ಟಡಕ್ಕೆ ತಲುಪಿಸುತ್ತಾರೆ. ಫಲ ಕೂಡಲೇ ಬರಲಿಲ್ಲ. 1991ರ ಚಂಡಮಾರುತದಲ್ಲಿ ಮತ್ತೆ ಸುಮಾರು 1,40,000 ಜನ ಸತ್ತರು, ಏಕೆಂದರೆ ಕಟ್ಟಡಗಳು ಇನ್ನೂ ಸಾಲದಾಗಿದ್ದವು. 2007ರ ಸಿಡ್ರ್ ಹೊತ್ತಿಗೆ ಆ ಸಂಖ್ಯೆ ಸುಮಾರು 3,400ಕ್ಕೆ ಇಳಿಯಿತು. 2020ರ ಅಂಫಾನ್ ಬಾಂಗ್ಲಾದೇಶದಲ್ಲಿ ಬಲಿ ತೆಗೆದುಕೊಂಡದ್ದು ಹತ್ತಾರು ಜೀವ. ಸಮುದ್ರ ಶಾಂತವಾಗಿದ್ದಕ್ಕೆ ಹೀಗಾಗಲಿಲ್ಲ. ಐವತ್ತು ವರ್ಷ ಯಾರೂ ಗಮನಿಸದೆ ನಡೆದ ಈ ಕೆಲಸಕ್ಕೆ ಭದ್ರತಾ ಮಂಡಳಿಯ ನಿರ್ಣಯವೂ ಬೇಕಾಗಲಿಲ್ಲ, ಹವಾಮಾನ ಶೃಂಗಸಭೆಯ ಘೋಷಣೆಯೂ ಬೇಕಾಗಲಿಲ್ಲ.

ಕನ್ನಡಿಗರಿಗೆ ಈ ವಾದವನ್ನು ಕಾವೇರಿಯ ಮೇಲಿಟ್ಟೂ ತೂಗಬಹುದು. ಅದು ರಾಜ್ಯಗಳ ನಡುವಿನ ವ್ಯಾಜ್ಯ, ದೇಶಗಳದ್ದಲ್ಲ. ಆದರೆ ಕೊರತೆ ಹಿಂಸೆಯಾಗುವ ಬಗೆ ಒಂದೇ. 1991ರ ಡಿಸೆಂಬರಿನಲ್ಲಿ ಬೆಂಗಳೂರು ಹೊತ್ತಿ ಉರಿದಾಗ ಕಾವೇರಿ ಕೊಳ್ಳದಲ್ಲಿ ದೊಡ್ಡ ಬರವೇನೂ ಇರಲಿಲ್ಲ. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ಬಿಡಬೇಕೆಂಬ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಬಂದದ್ದೇ ಕಾರಣ. ಸಾವಿರಾರು ತಮಿಳು ಕುಟುಂಬಗಳು ಊರು ಬಿಟ್ಟವು. 2016ರಲ್ಲಿ ಮಳೆ ನಿಜಕ್ಕೂ ಕೈಕೊಟ್ಟಿತ್ತು. ದಿನಕ್ಕೆ 15,000 ಕ್ಯುಸೆಕ್, ಆಮೇಲೆ 12,000 ಕ್ಯುಸೆಕ್ ಬಿಡಿ ಎಂದು ಸುಪ್ರೀಂ ಕೋರ್ಟ್ ನೇರವಾಗಿ ಹೇಳಬೇಕಾಯಿತು; ಸೆಪ್ಟೆಂಬರ್ 12ರಂದು ಬಸ್ಸುಗಳು ಸುಟ್ಟವು, ಕರ್ಫ್ಯೂ ಬಿತ್ತು, ಗೋಲಿಬಾರ್ ಆಯಿತು. 2023ರ ಬರ ಅದಕ್ಕಿಂತ ಸಣ್ಣದಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಮಂಡ್ಯದಲ್ಲಿ ಧರಣಿ ಕೂತರು, ಮೂರು ದಿನದ ಅಂತರದಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡೂ ನಡೆದವು, ಆದರೆ 2016ರಂಥ ಹಿಂಸೆ ಆಗಲಿಲ್ಲ. ನಡುವೆ ಬದಲಾದದ್ದೇನು? ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ ನೀರು ನಿರ್ವಹಣಾ ಪ್ರಾಧಿಕಾರ, ನಿಯಂತ್ರಣ ಸಮಿತಿ ಎರಡೂ ಬಂದಿದ್ದವು. ಕೆಆರ್‌ಎಸ್‌ನ ಮಟ್ಟ, ಬಿಳಿಗುಂಡ್ಲುವಿನ ಹರಿವು ಎಲ್ಲದರ ಬಗ್ಗೆಯೂ ಎರಡೂ ರಾಜ್ಯದ ಎಂಜಿನಿಯರುಗಳು ಒಂದೇ ಕಾಗದ ನೋಡಿಕೊಂಡು ಕೆಲವು ದಿನಗಳಿಗೊಮ್ಮೆ ಜಗಳಾಡುತ್ತಿದ್ದರು. 5,000 ಕ್ಯುಸೆಕ್ ಆದೇಶ ಮುಂದೆ 3,000ಕ್ಕೆ ಇಳಿದದ್ದೂ ಅಲ್ಲೇ. ಪೊಲೀಸರ ಮುನ್ನೆಚ್ಚರಿಕೆಯ ಪಾಲೂ ಇದೆ, ಪಕ್ಷಗಳ ಲೆಕ್ಕಾಚಾರದ ಪಾಲೂ ಇದೆ. ಸಮಿತಿಯೇ ಎಲ್ಲ ಮಾಡಿತು ಎನ್ನಲಾಗದು. ಮಳೆ ಕಡಿಮೆಯಾದ ವರ್ಷ ಹಂಚಿಕೆ ಹೇಗೆ ಎಂಬ ಸಂಕಷ್ಟ ಸೂತ್ರ ಆ ಬರದ ಹೊತ್ತಿಗೂ ಆಗಿರಲಿಲ್ಲ. ಆದರೂ ಸಿಟ್ಟು ತೋರಿಸಲು ಬೀದಿಯಲ್ಲದೆ ಬೇರೊಂದು ಜಾಗ ಆ ವರ್ಷ ಇತ್ತು.

ಇಲ್ಲಿ ಎದುರಾಗುವ ದೊಡ್ಡ ಆಕ್ಷೇಪ: ಇಂಥ ವ್ಯವಸ್ಥೆಗಳು ಎಲ್ಲ ಸರಿಯಿರುವಾಗ ನಡೆಯುತ್ತವೆ, ಸಂಬಂಧ ಕೆಟ್ಟ ದಿನವೇ ಕೈಕೊಡುತ್ತವೆ. ಇದನ್ನು ತಳ್ಳಿಹಾಕುವಂತಿಲ್ಲ. 2000ದ ಜೂನಿನಲ್ಲಿ ಟಿಬೆಟಿನ ಯಿಗೊಂಗ್ ನದಿಗೆ ಅಡ್ಡಲಾಗಿ ಕುಸಿದು ನಿಂತಿದ್ದ ಗುಡ್ಡ ಒಡೆದು ಅರುಣಾಚಲಕ್ಕೆ ಪ್ರವಾಹ ನುಗ್ಗಿತು. ಮೇಲಿನಿಂದ ಯಾವ ಸುದ್ದಿಯೂ ಬಂದಿರಲಿಲ್ಲ. ಅದಾದ ಮೇಲೆ 2002ರಲ್ಲಿ ಭಾರತ ಮತ್ತು ಚೀನಾ ಒಂದು ಒಪ್ಪಂದಕ್ಕೆ ಬಂದವು. ಬ್ರಹ್ಮಪುತ್ರದ ಮೇಲ್ದಂಡೆಯಲ್ಲಿ ನುಗೆಶಾ, ಯಾಂಗ್‌ಕುನ್, ನುಕ್ಸಿಯಾ ಎಂಬ ಮೂರು ಅಳತೆ ಕೇಂದ್ರಗಳಿವೆ. ಮಳೆಗಾಲದ ತಿಂಗಳುಗಳಲ್ಲಿ ಅಲ್ಲಿನ ನೀರಿನ ಮಟ್ಟ, ಹರಿವು, ಮಳೆಯ ಅಂಕಿಗಳನ್ನು ಚೀನಾ ಕಳಿಸಬೇಕು. ಅಸ್ಸಾಮಿನ ಜಿಲ್ಲಾಧಿಕಾರಿಗೆ ಆ ಅಂಕಿ ಎಂದರೆ ಊರು ಖಾಲಿ ಮಾಡಿಸಲು ಸಿಗುವ ಹೆಚ್ಚಿನ ಕೆಲವು ಗಂಟೆ. 2017ರಲ್ಲಿ ಡೋಕ್ಲಾಮ್‌ನಲ್ಲಿ ಎರಡೂ ಸೈನ್ಯಗಳು ಎದುರುಬದುರು ನಿಂತ ಮಳೆಗಾಲದಲ್ಲಿ ಅಂಕಿಗಳು ಬರಲಿಲ್ಲ. ಕೇಂದ್ರಗಳ ದುರಸ್ತಿ ನಡೆದಿದೆ ಎಂದಿತು ಬೀಜಿಂಗ್. ಅದೇ ನದಿಯ ಮಾಹಿತಿ ತಮಗೆ ಬರುತ್ತಿದೆ ಎಂದರು ಬಾಂಗ್ಲಾದೇಶದವರು. 2018ರಲ್ಲಿ ಮತ್ತೆ ಶುರುವಾದ ಈ ಏರ್ಪಾಡಿನ ಅವಧಿ 2023ರಲ್ಲಿ ಮುಗಿಯಿತು, ಹೊಸದಕ್ಕೆ ಸಹಿ ಬೀಳದೆ ಉಳಿಯಿತು. ಅದೇ ನದಿಯ ತಿರುವಿನಲ್ಲಿ ಜಗತ್ತಿನ ಅತಿ ದೊಡ್ಡ ಜಲವಿದ್ಯುತ್ ಯೋಜನೆಗೆ 2025ರ ಜುಲೈನಲ್ಲಿ ಚೀನಾ ಕೆಲಸ ಶುರುಮಾಡಿದೆ. ಇತ್ತ ಭಾರತ ಏನು ಮಾಡಿತು? 1965, 1971, 1999ರ ಯುದ್ಧಗಳನ್ನೂ ದಾಟಿ ಉಳಿದಿದ್ದ 1960ರ ಸಿಂಧೂ ಜಲ ಒಪ್ಪಂದವನ್ನು ಪಹಲ್ಗಾಮ್ ದಾಳಿಯ ಮರುದಿನ, 2025ರ ಏಪ್ರಿಲ್ 23ರಂದು, ಅಮಾನತಿನಲ್ಲಿಟ್ಟಿತು. ದಾಳಿಯ ಮೇಲಿನ ಆಕ್ರೋಶ ನ್ಯಾಯವಾದದ್ದೇ. ಆದರೆ ಮೇಲ್ದಂಡೆಯವರು ಅಂಕಿಗಳನ್ನು ಆಯುಧ ಮಾಡಿಕೊಳ್ಳಬಾರದು ಎಂದು ಚೀನಾಕ್ಕೆ ಹೇಳುವ ನಮ್ಮ ಮಾತಿನ ತೂಕ ಅಂದಿನಿಂದ ಸ್ವಲ್ಪ ಕಡಿಮೆಯಾಯಿತು ಎಂಬುದನ್ನೂ ಒಪ್ಪಿಕೊಳ್ಳಬೇಕಲ್ಲವೇ?

ಇಷ್ಟಾದರೂ ಆ ಆಕ್ಷೇಪ ನನ್ನ ವಾದವನ್ನು ಪೂರ್ತಿ ಕೆಡವುವುದಿಲ್ಲ. ಕಾರಣ ಅದೇ ವರ್ಷದ ಆಗಸ್ಟಿನಲ್ಲಿದೆ. ಜಮ್ಮುವಿನಲ್ಲಿ ತಾವಿ ನದಿ ಉಕ್ಕತೊಡಗಿದಾಗ, ಮೇ ತಿಂಗಳಲ್ಲಷ್ಟೇ ಕ್ಷಿಪಣಿ ಹಾರಿಸಿಕೊಂಡಿದ್ದ ಪಾಕಿಸ್ತಾನಕ್ಕೆ ಭಾರತ ಪ್ರವಾಹದ ಎಚ್ಚರಿಕೆ ಕಳಿಸಿತು. ಸಿಂಧೂ ಆಯೋಗದ ಮೂಲಕ ಕಳಿಸಿದರೆ ಒಪ್ಪಂದ ಜೀವಂತ ಎಂದಾಗುತ್ತದೆ. ಆದ್ದರಿಂದ ಇಸ್ಲಾಮಾಬಾದಿನ ಹೈಕಮಿಷನ್ ಮೂಲಕ, ಮಾನವೀಯ ನೆಲೆಯಲ್ಲಿ ಎಂದು ಹೇಳಿ ಕಳಿಸಿತು. ಅರವತ್ತೈದು ವರ್ಷ ನೆರೆಯ ಸುದ್ದಿ ಮುಟ್ಟಿಸುವುದು ರೂಢಿಯಾಗಿದ್ದರಿಂದ ಒಪ್ಪಂದ ನಿಂತ ಮೇಲೂ ರೂಢಿ ಪೂರ್ತಿ ನಿಲ್ಲಲಿಲ್ಲ. ಅದಕ್ಕೂ ಎರಡು ವರ್ಷ ಹಿಂದೆ, 2023ರ ಜೂನಿನಲ್ಲಿ, ಬಿಪರ್‌ಜಾಯ್ ಚಂಡಮಾರುತ ಕಛ್ ಕಡೆ ಬಂದಾಗ ಗಡಿಯ ಎರಡೂ ಬದಿಯಲ್ಲಿ ಒಟ್ಟು ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕರಾವಳಿಯಿಂದ ತೆರವು ಮಾಡಿಸಿದ್ದರು. ಎರಡೂ ದೇಶಗಳ ನಡುವೆ ಆಗ ಹೈಕಮಿಷನರುಗಳೇ ಇರಲಿಲ್ಲ. ದೆಹಲಿಯ ಬುಲೆಟಿನ್ ಮಾತ್ರ ಹೋಗುತ್ತಲೇ ಇತ್ತು. ಅದು ಹಲವು ದೇಶಗಳ ಸಮಿತಿಯ ಕೆಲಸ. ಇಬ್ಬರ ನಡುವಿನ ಉಪಕಾರವಲ್ಲ. ಬ್ರಹ್ಮಪುತ್ರದ ಅಂಕಿ ನಿಂತುಹೋಗುತ್ತದೆ, ಚಂಡಮಾರುತದ ಅಂಕಿ ನಿಲ್ಲುವುದಿಲ್ಲ ಎಂಬುದಕ್ಕೆ ಇದೇ ಮುಖ್ಯ ಕಾರಣ ಎಂದು ನನಗೆ ತೋರುತ್ತದೆ. ಇಬ್ಬರಲ್ಲಿ ಒಬ್ಬ ಮುನಿಸಿಕೊಂಡರೆ ಕೊಂಡಿ ಕಳಚುತ್ತದೆ. ಹದಿಮೂರು ಮಂದಿ ಇದ್ದಲ್ಲಿ ಮುನಿದವನೇ ಒಂಟಿಯಾಗುತ್ತಾನೆ.

ಇನ್ನೊಂದು ಆಕ್ಷೇಪ ಸಣ್ಣ ದ್ವೀಪ ರಾಷ್ಟ್ರಗಳದ್ದು, ಮತ್ತು ಅದಕ್ಕೆ ನನ್ನಲ್ಲಿ ಅರ್ಧ ಉತ್ತರ ಮಾತ್ರ ಇದೆ. ಸಮುದ್ರವೇ ನೆಲ ನುಂಗುತ್ತಿರುವಾಗ ಮುನ್ಸೂಚನೆ ಕಟ್ಟಿಕೊಂಡು ಏನು ಮಾಡುವುದು? 2007ರಲ್ಲಿ ಬ್ರಿಟನ್ ಮೊದಲ ಬಾರಿಗೆ ಭದ್ರತಾ ಮಂಡಳಿಯಲ್ಲಿ ಹವಾಮಾನದ ಚರ್ಚೆ ಕರೆದಾಗಿನಿಂದ ಅವರು ಇದನ್ನೇ ಕೇಳುತ್ತಿದ್ದಾರೆ. ಮಂಡಳಿಯಲ್ಲಿ ದಾರಿ ಸಿಗದೆ ಬೇರೆ ಬಾಗಿಲು ತಟ್ಟಿದರು. ವನುವಾಟು ಮುಂದಾಳತ್ವದಲ್ಲಿ 2023ರಲ್ಲಿ ಮಹಾಸಭೆ ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಕೇಳಿತು. ಹವಾಮಾನಕ್ಕೆ ಹಾನಿಯಾಗದಂತೆ ತಡೆಯುವುದು ದೇಶಗಳ ಕಾನೂನುಬದ್ಧ ಹೊಣೆ ಎಂದು 2025ರ ಜುಲೈನಲ್ಲಿ ಹೇಗ್‌ನ ಆ ನ್ಯಾಯಾಲಯ ಹೇಳಿತು. ಅದು ದೊಡ್ಡ ಗೆಲುವು. ಇನ್ನೊಂದು ಬೆಳವಣಿಗೆ ಅಷ್ಟು ಸಂತೋಷದ್ದಲ್ಲ. ಸುಮಾರು ಹನ್ನೊಂದು ಸಾವಿರ ಜನರ ತುವಾಲು ದೇಶ ಆಸ್ಟ್ರೇಲಿಯದ ಜೊತೆ ಮಾಡಿಕೊಂಡ ಫಲೆಪಿಲಿ ಒಪ್ಪಂದ 2024ರಲ್ಲಿ ಜಾರಿಗೆ ಬಂತು. ವರ್ಷಕ್ಕೆ 280 ತುವಾಲು ಪ್ರಜೆಗಳು ಆಸ್ಟ್ರೇಲಿಯಕ್ಕೆ ಹೋಗಿ ನೆಲೆಸಬಹುದು. ಅವರನ್ನು ಆರಿಸುವ ಮೊದಲ ಲಾಟರಿಗೇ ದೇಶದ ಬಹುಪಾಲು ಜನ ಹೆಸರು ಬರೆಸಿದರು. ಅದೇ ಒಪ್ಪಂದದ ಇನ್ನೊಂದು ಕಲಮಿನ ಪ್ರಕಾರ ತುವಾಲು ಬೇರೆ ಯಾವ ದೇಶದೊಂದಿಗೆ ಭದ್ರತೆಯ ವ್ಯವಹಾರ ಮಾಡುವುದಿದ್ದರೂ ಆಸ್ಟ್ರೇಲಿಯದ ಸಮ್ಮತಿ ಬೇಕು. ಚೀನಾ ಅಲ್ಲಿಗೆ ಬರಬಾರದೆಂಬುದು ಕ್ಯಾನ್‌ಬೆರಾದ ಉದ್ದೇಶ. ಮುಳುಗುತ್ತಿರುವವನ ಕೈಹಿಡಿದು, ಅದೇ ಹೊತ್ತಿನಲ್ಲಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಂತಾಯಿತು. ಹವಾಮಾನವನ್ನು ಭದ್ರತೆಯ ಭಾಷೆಯಲ್ಲಿ ಮಾತಾಡತೊಡಗಿದರೆ ಬಲಾಢ್ಯರು ಅದನ್ನು ಎತ್ತ ಎಳೆಯುತ್ತಾರೆ ಎಂಬ ಭಾರತದ ಆತಂಕಕ್ಕೆ ಇದು ಸಾಕ್ಷಿ.

ಆದ್ದರಿಂದ 2021ರ ಮತ ತಪ್ಪಲ್ಲ ಎಂದೇ ಹೇಳಬೇಕು. ಹಣದ ವಿಷಯದಲ್ಲೂ ಭಾರತದ ದೂರು ಸಕಾರಣವಾದದ್ದು. ವರ್ಷಕ್ಕೆ 100 ಬಿಲಿಯನ್ ಡಾಲರ್ ಕೊಡುತ್ತೇವೆಂದು 2009ರಲ್ಲಿ ಹೇಳಿದ ಶ್ರೀಮಂತ ದೇಶಗಳು ಆ ಗುರಿ ಮುಟ್ಟಿದ್ದು ಗಡುವು ಮುಗಿದು ಎರಡು ವರ್ಷದ ನಂತರ, 2022ರಲ್ಲಿ. 2035ರ ಹೊತ್ತಿಗೆ ವರ್ಷಕ್ಕೆ 300 ಬಿಲಿಯನ್ ಎಂದು ಬಾಕುವಿನಲ್ಲಿ 2024ರಲ್ಲಿ ಹೊಸ ಗುರಿ ಇಟ್ಟರು. ಅದೇ ವರ್ಷ ಜಗತ್ತು ಸೇನೆಗಳಿಗೆ ಸುರಿದದ್ದು 2,700 ಬಿಲಿಯನ್ ಡಾಲರಿಗೂ ಹೆಚ್ಚು. ಆದರೆ ಅಲ್ಲಿ ಬೇಡ ಎಂದವರು ಇಲ್ಲಿ ಮಾಡುತ್ತೇವೆ ಎಂದೂ ತೋರಿಸಬೇಕು. ಅಕ್ಕಿಯ ವಿಷಯ ನೋಡಿ. 2023ರ ಜುಲೈ 20ರಂದು ಮಳೆಯ ಆತಂಕ, ಬೆಲೆಯೇರಿಕೆ ಎರಡೂ ಸೇರಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ 40 ನಮ್ಮದು. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಕನ್ನಡಿಗರೂ ತೆಲುಗರೂ ಸೋನಾ ಮಸೂರಿ ಚೀಲಕ್ಕೆ ಸಾಲು ನಿಂತ ವಿಡಿಯೊಗಳು ಎಲ್ಲರ ಮೊಬೈಲಿಗೂ ಬಂದವು. ಅವರಿಗೆ ಅದು ಒಂದು ವಾರದ ಕಿರಿಕಿರಿ. ಆಮದು ಅಕ್ಕಿಯನ್ನೇ ನೆಚ್ಚಿದ ಪಶ್ಚಿಮ ಆಫ್ರಿಕದ ಬಡ ದೇಶಗಳಿಗೆ ಹಾಗಲ್ಲ. 2008ರಲ್ಲಿ ಅಕ್ಕಿಯ ಬೆಲೆ ಏರಿದಾಗ ಹೈಟಿಯಲ್ಲಿ ದಂಗೆ ಎದ್ದು ಪ್ರಧಾನಿಯೇ ಹುದ್ದೆ ಕಳೆದುಕೊಂಡಿದ್ದರು. ಅಂಥ ಗಾಬರಿ ತಪ್ಪಿಸಲೆಂದೇ ಜಿ20 ದೇಶಗಳು 2011ರಲ್ಲಿ ದಾಸ್ತಾನು, ಬೆಳೆ, ಬೆಲೆಗಳ ಮಾಹಿತಿ ಹಂಚುವ ಒಂದು ವ್ಯವಸ್ಥೆ ಮಾಡಿಕೊಂಡಿವೆ. ಭಾರತ ಅದರ ಸದಸ್ಯ. ನಿಷೇಧ ಹಾಕುವ ಮುನ್ನ ಕೊಳ್ಳುವ ದೇಶಗಳಿಗೆ ಒಂದಷ್ಟು ದಿನದ ಮುನ್ಸೂಚನೆ ಕೊಡುವುದಕ್ಕೆ ಯಾವ ವಿಟೊ ಅಡ್ಡ ಬರುತ್ತದೆ?

ಭಾರತದ ಮಾತು ಎಷ್ಟು ಗಟ್ಟಿ ಎಂಬುದಕ್ಕೆ ಮುಂದಿನ ಪರೀಕ್ಷೆ ಗಂಗೆಯದು. ಫರಕ್ಕಾದಲ್ಲಿ ನೀರು ಹಂಚಿಕೊಳ್ಳಲು ಭಾರತ ಮತ್ತು ಬಾಂಗ್ಲಾದೇಶ 1996ರ ಡಿಸೆಂಬರ್ 12ರಂದು ಸಹಿ ಹಾಕಿದ ಒಪ್ಪಂದದ ಅವಧಿ ಮೂವತ್ತು ವರ್ಷ. 2026ರ ಡಿಸೆಂಬರಿಗೆ ಅದು ಮುಗಿಯುತ್ತದೆ. ಜನವರಿಯಿಂದ ಮೇ ಕೊನೆಯವರೆಗೆ ಹತ್ತು ಹತ್ತು ದಿನಗಳ ಲೆಕ್ಕ ಅದರಲ್ಲಿದೆ. ಹರಿವು 70,000 ಕ್ಯುಸೆಕ್‌ವರೆಗೆ ಇದ್ದರೆ ಅರ್ಧ ಅರ್ಧ, 50,000ಕ್ಕಿಂತ ಕೆಳಗಿಳಿದರೆ ಎರಡೂ ಸರ್ಕಾರಗಳು ಕೂಡಲೇ ಕೂತು ಮಾತಾಡಬೇಕು. ಇಷ್ಟು ಬಿಡಿಬಿಡಿಯಾಗಿ ಬರೆದ ಆ ಕಾಗದ ನೆಚ್ಚಿರುವ ಸರಾಸರಿ ಹರಿವು 1949ರಿಂದ 1988ರವರೆಗಿನದು. ಆ ನಲವತ್ತು ವರ್ಷದ ಮಳೆಯೂ ಹಿಮವೂ ಈಗ ಇಲ್ಲ. ಹೊಸ ಒಪ್ಪಂದ ಬರೆಯುವವರು ಹಳೆಯ ಅಂಕಿಗಳನ್ನೇ ನಕಲು ಮಾಡಬಾರದು, ಪ್ರತಿ ಕೆಲವು ವರ್ಷಕ್ಕೊಮ್ಮೆ ಹರಿವನ್ನು ಇಬ್ಬರೂ ಸೇರಿ ಅಳೆದು ತಿದ್ದುವ ಕಲಮನ್ನು ಅದರೊಳಗೇ ಇಡಬೇಕು, ನೇಪಾಳವನ್ನೂ ಮೇಜಿಗೆ ಕರೆಯಬೇಕು. ಭದ್ರತಾ ಮಂಡಳಿಯಲ್ಲಿ ಇದು ನಮ್ಮ ಜಾಗವಲ್ಲ ಎಂದ ದೇಶಕ್ಕೆ ತನ್ನ ಜಾಗ ಯಾವುದು ಎಂದು ತೋರಿಸಲು ಫರಕ್ಕಾಕ್ಕಿಂತ ಸೂಕ್ತವಾದದ್ದು ಬೇರೆ ಇಲ್ಲ.